ಕೆಆರ್‌ಎಸ್ ಮಟ್ಟ ಸರಿಯಾಗಿ ಬರೆದ ಹುಡುಗಿಗೆ ಗೂಗಲ್ ಫಾರ್ಮ್ ಸೊನ್ನೆ ಕೊಟ್ಟಿದೆ, ಏನು ಮಾಡಲಿ?

ನಾಲೆ ಪಕ್ಕದ ಮೇಷ್ಟ್ರು, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ 46 ಮಕ್ಕಳು. ಪೇಪರ್ ತಿದ್ದುವ ಕೆಲಸ ಉಳಿಯಲಿ ಅಂತ ಈ ಸಲ ಹತ್ತು ಪ್ರಶ್ನೆಗಳ ಗೂಗಲ್ ಫಾರ್ಮ್ ಮಾಡಿ ಶನಿವಾರ ಸಂಜೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಕ್ವಿಜ್ ಅಂತ ಆನ್ ಮಾಡಿದೆ, ಆನ್ಸರ್ ಕೀ ಕೊಟ್ಟೆ, ಒಂದೊಂದು ಅಂಕ ಹಾಕಿದೆ. ಇಷ್ಟೇನಾ, ಇಷ್ಟು ದಿನ ಸುಮ್ನೆ ಕೆಂಪು ಇಂಕು ಖರ್ಚು ಮಾಡಿದೆನಲ್ಲ ಅನ್ನಿಸಿತು.

ಮೂರನೇ ಪ್ರಶ್ನೆ: ಕೃಷ್ಣರಾಜಸಾಗರ ಅಣೆಕಟ್ಟೆಯ ಗರಿಷ್ಠ ಮಟ್ಟ ಎಷ್ಟು ಅಡಿ? ನಮ್ಮ ಕಡೆ ಮಳೆಗಾಲ ಬಂತು ಅಂದರೆ ಚಿಕ್ಕ ಮಕ್ಕಳೂ ಈ ನಂಬರ್ ಹೇಳುತ್ತಾರೆ. ಕೀಯಲ್ಲಿ 124.80 ಅಂತ ಹಾಕಿದ್ದೆ. 31 ಮಕ್ಕಳು ಬರೆದಿದ್ದರು. ಆ ಪ್ರಶ್ನೆಗೆ ಅಂಕ ಬಂದಿದ್ದು ಒಂಬತ್ತೇ ಜನಕ್ಕೆ!

ಸೋಮವಾರ ಒಬ್ಬಳು ನೇರವಾಗಿ ಬಂದು ನಿಂತಳು. "ಸಾ, ನಮ್ಮಪ್ಪ ನೀರುಗಂಟಿ. ನಂಗೆ ಗೊತ್ತಿಲ್ವಾ ಕಟ್ಟೆ ಮಟ್ಟ?" ನೀರುಗಂಟಿ ಅಂದರೆ ನಾಲೆ ನೀರನ್ನು ಗದ್ದೆಗಳಿಗೆ ಬಿಡುವವರು. ತೆಗೆದು ನೋಡಿದೆ. ಅವಳು ಬರೆದಿದ್ದು "124.80 ಅಡಿ". ಮಿಕ್ಕವರದ್ದೂ ನೋಡುತ್ತಾ ಹೋದೆ. ಒಬ್ಬ 124.8 ಅಂದಿದ್ದ. ಕನ್ನಡ ಮೀಡಿಯಂ ಅಲ್ವಾ ಅಂತ ಒಬ್ಬಳು ೧೨೪.೮೦ ಅಂತ ಬರೆದಿದ್ದಳು. ಇನ್ನೊಬ್ಬ ಅಕ್ಷರದಲ್ಲೇ ನೂರಾ ಇಪ್ಪತ್ತನಾಲ್ಕು ಪಾಯಿಂಟ್ ಎಂಟು ಅಂತ ಪೂರ್ತಿ ಬರೆದಿದ್ದ. ಎಲ್ಲವೂ ಸರಿ, ಎಲ್ಲರಿಗೂ ಸೊನ್ನೆ.

ಇದಕ್ಕೆ ಏನಾದರೂ ದಾರಿ ಇದೆಯಾ? ಇಲ್ಲ ನಾನು ಮತ್ತೆ ಬಿಳಿ ಹಾಳೆಗೆ ಹೋಗಲಾ?

ಲೆಕ್ಕದ ಮಿಸ್, ನಾಗಮಂಗಲ

ಸರ್, ಮೊದಲು ಆ ಹುಡುಗಿಗೆ ಅಂಕ ಕೊಡಿ, ಆಮೇಲೆ ಮಿಕ್ಕಿದ್ದು. ರೆಸ್ಪಾನ್ಸಸ್ ಒಳಗೆ "ಕ್ವೆಶ್ಚನ್" ಅಂತ ಇರುತ್ತದೆ, ಅದನ್ನು ಒತ್ತಿ. ಒಂದೇ ತರಹ ಬರೆದ ಉತ್ತರಗಳನ್ನೆಲ್ಲ ಅದೇ ಗುಂಪು ಮಾಡಿ ತೋರಿಸುತ್ತದೆ. "124.80 ಅಡಿ" ಗುಂಪಿಗೆ ಒಂದು ಸಲ ಸರಿ ಅಂತ ಗುರುತು ಹಾಕಿ ಸೇವ್ ಮಾಡಿದರೆ ಹಾಗೆ ಬರೆದ ಎಲ್ಲರಿಗೂ ಅಂಕ ಸೇರುತ್ತದೆ. 31 ಮಕ್ಕಳದ್ದು ಎರಡು ನಿಮಿಷದ ಕೆಲಸ.

ಶಾರ್ಟ್ ಆನ್ಸರ್, ಅಂದರೆ ಮಕ್ಕಳೇ ಟೈಪ್ ಮಾಡುವ ಚಿಕ್ಕ ಉತ್ತರದ ಪ್ರಶ್ನೆ, ನಿಮ್ಮ ಕೀ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ, ಅಷ್ಟೇ. ಅರ್ಥ ಗಿರ್ಥ ಅದಕ್ಕೆ ಗೊತ್ತಿಲ್ಲ. ಮುಂದಿನ ಸಲ ಕೀಯಲ್ಲಿ ಒಂದಕ್ಕಿಂತ ಜಾಸ್ತಿ ಉತ್ತರ ಸೇರಿಸಿ, 124.8, 124.80 ಎರಡೂ ಇರಲಿ. ಪ್ರಶ್ನೆಯ ಪಕ್ಕದ ಮೂರು ಚುಕ್ಕೆ ಒತ್ತಿದರೆ ರೆಸ್ಪಾನ್ಸ್ ವ್ಯಾಲಿಡೇಶನ್ ಸಿಗುತ್ತದೆ. ಅಲ್ಲಿ ಸಂಖ್ಯೆ ಮಾತ್ರ ಅಂತ ಕಟ್ಟಿಹಾಕಿದರೆ "ಅಡಿ" ಬರೆಯುವವರು ಅಲ್ಲೇ ನಿಲ್ಲುತ್ತಾರೆ. ಪ್ರಶ್ನೆಯ ಕೆಳಗೆ "ಬರೀ ಅಂಕಿ ಬರೆಯಿರಿ" ಅಂತಲೂ ಒಂದು ಸಾಲು ಹಾಕಿ.

ಊರಿನ ಹೆಸರು, ರಾಜರ ಹೆಸರು ಮಾತ್ರ ಶಾರ್ಟ್ ಆನ್ಸರ್‌ನಲ್ಲಿ ಕೇಳಲೇಬೇಡಿ. ಶ್ರೀರಂಗಪಟ್ಟಣವನ್ನು ನನ್ನ ಮಕ್ಕಳು ಆರು ತರಹ ಬರೆದಿದ್ದರು.

ಮದ್ದೂರ್ ವಡೆ

ಆರೇನಾ? ನಮ್ಮಲ್ಲಿ ಮಕ್ಕಳು ತಮ್ಮ ಹೆಸರನ್ನೇ ಮೂರು ತರಹ ಬರೆಯುತ್ತಾರೆ. ಜೂನ್‌ನಲ್ಲಿ ಮಹದೇವ, ಆಗಸ್ಟ್‌ನಲ್ಲಿ ಮಾದೇವ, ಅಕ್ಟೋಬರ್‌ನಲ್ಲಿ ಇಂಗ್ಲಿಷ್‌ನಲ್ಲಿ ಮಹದೇವ. ಉತ್ತರಗಳು ಬಂದು ಸೇರುವ ಗೂಗಲ್ ಶೀಟ್‌ನಲ್ಲಿ ಮೂರು ಹುಡುಗರು ಆಗುತ್ತಾರೆ, ಕ್ಲಾಸಿನಲ್ಲಿ ಇರುವುದು ಒಬ್ಬನೇ. ಅದಕ್ಕೇ ನಾನು ಹೆಸರು ಕೇಳುವುದನ್ನೇ ಬಿಟ್ಟೆ. ಡ್ರಾಪ್‌ಡೌನ್‌ನಲ್ಲಿ ಹಾಜರಿ ನಂಬರ್ ಇಟ್ಟಿದ್ದೇನೆ. ಸೋಮಾರಿಗಳು ಮೊದಲನೇ ನಂಬರ್ ಒತ್ತಿ ಹೋಗುತ್ತಾರೆ, ಅದೊಂದು ತಲೆನೋವು ಬಿಟ್ಟರೆ ಪರವಾಗಿಲ್ಲ.

ಮೇಷ್ಟ್ರೇ, ಇನ್ನೊಂದು ಕೇಳ್ತೀನಿ. ಅಂಕ ತಕ್ಷಣ ತೋರಿಸುವ ಹಾಗೆ ಇಟ್ಟಿದ್ದೀರಾ?

ನಾಲೆ ಪಕ್ಕದ ಮೇಷ್ಟ್ರು, ಪಾಂಡವಪುರ

ಮಿಸ್ಸಮ್ಮ, ಕೆಲಸ ಆಯಿತು, ತುಂಬಾ ಥ್ಯಾಂಕ್ಸ್. ಹುಡುಗಿಗೆ ಅಂಕ ಸಿಕ್ಕಿತು, ಮುಖ ಈಗ ಸ್ವಲ್ಪ ಸಡಿಲವಾಗಿದೆ.

ಹೌದು ವಡೆ ಸರ್, ತಕ್ಷಣವೇ ತೋರಿಸುತ್ತದೆ. ಯಾಕೆ?

ಮದ್ದೂರ್ ವಡೆ

ನನ್ನ ಕಥೆ ಕೇಳಿ. ಏಳು ಗಂಟೆಗೆ ಲಿಂಕ್ ಹಾಕಿದೆ. ಮೊದಲ ಹುಡುಗ ಏಳೂ ಹತ್ತಕ್ಕೆ ಮುಗಿಸಿದ, ಹತ್ತಕ್ಕೆ ಐದು. ಫಾರ್ಮ್ ಅವನಿಗೆ ಸರಿ ಉತ್ತರಗಳನ್ನೆಲ್ಲ ಹಸಿರು ಬಣ್ಣದಲ್ಲಿ ತೋರಿಸಿತು. ಪುಣ್ಯಾತ್ಮ ಅದರ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ಗ್ರೂಪಿಗೆ ಹಾಕಿದ. ಏಳೂವರೆ ಆದಮೇಲೆ ಬಂದವರೆಲ್ಲ ಹತ್ತಕ್ಕೆ ಹತ್ತು. ಇಡೀ ಕ್ಲಾಸಿಗೆ ಕಡಿಮೆ ಅಂಕ ಬಂದಿದ್ದು ಉಪಕಾರ ಮಾಡಿದ ಆ ಹುಡುಗನಿಗೇ.

ಸೆಟ್ಟಿಂಗ್ಸ್‌ನಲ್ಲಿ ಅಂಕ ಆಮೇಲೆ ಬಿಡುವ ಆಯ್ಕೆ ಇದೆ. ಆದರೆ ಅದನ್ನು ಹಾಕಿದರೆ ಇಮೇಲ್ ಕೇಳುವುದೂ ಆನ್ ಆಗುತ್ತದೆ, ಫಲಿತಾಂಶ ಹೋಗುವುದೇ ಇಮೇಲ್‌ಗೆ. ನಮ್ಮ ಮಕ್ಕಳಿಗೆ ಇಮೇಲ್ ಎಲ್ಲಿಂದ ಬರಬೇಕು? ನಾನು ತಕ್ಷಣ ಅಂತಲೇ ಇಟ್ಟು, ತಪ್ಪಾದ ಪ್ರಶ್ನೆ, ಸರಿ ಉತ್ತರ, ಅಂಕ ಅಂತ ಕೆಳಗೆ ಇರುವ ಮೂರೂ ಟಿಕ್ ತೆಗೆದುಬಿಟ್ಟೆ. ಅಂಕವನ್ನು ಮಾರನೇ ದಿನ ಕ್ಲಾಸಿನಲ್ಲೇ ಹೇಳುತ್ತೇನೆ.

ಸುಮ್ನೆ ಓದೋಳು

ಕಾಪಿ ಹೊಡೆಯದ ಹಾಗೆ ಲಾಕ್ ಮಾಡಬಹುದು ಅಂತ ಎಲ್ಲೋ ಕೇಳಿದ್ದೆ?

ಒಂಟಿಕೊಪ್ಪಲ್ ಲೆಕ್ಚರರ್, ಮೈಸೂರು

ಲಾಕ್ಡ್ ಮೋಡ್ ಅಂತ ಇದೆ ಮೇಡಂ. ಆದರೆ ಅದು ಶಾಲೆಯೇ ಕೊಟ್ಟು ನಿಭಾಯಿಸುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ. ಅಪ್ಪನ ಫೋನಿನಲ್ಲಿ ಬರೆಯುವ ಮಗುವಿಗೆ ಅದು ಇಲ್ಲ. ಟೈಮರ್ ಕೂಡ ಗೂಗಲ್ ಫಾರ್ಮ್‌ನ ಒಳಗೇ ಇಲ್ಲ. ಪ್ರಶ್ನೆಗಳ ಕ್ರಮ, ಆಯ್ಕೆಗಳ ಕ್ರಮ ಕಲಸಬಹುದು, ಅಷ್ಟೇ. ಹೊತ್ತಾಯಿತು ಅಂತ ಉತ್ತರ ತೆಗೆದುಕೊಳ್ಳುವುದನ್ನು ನಿಲ್ಲಿಸಿದರೆ, ಆ ಕ್ಷಣ ಬರೆಯುತ್ತಾ ಕೂತವನ ಉತ್ತರವೂ ಸೇರುವುದಿಲ್ಲ. ಒಂಬತ್ತಕ್ಕೆ ಮುಗಿಯುತ್ತದೆ ಅಂತ ಹೇಳಿ ಒಂಬತ್ತೂ ಕಾಲಿಗೆ ಮುಚ್ಚಿ.

ಮನೆಯಲ್ಲಿ ಬರೆಯುವ ಫಾರ್ಮ್‌ನ ಅಂಕವನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಲೆಕ್ಕಕ್ಕೆ ಸೇರಿಸುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಅಂಕ ಇದೆ ಅಂದ ಕೂಡಲೇ ಅಕ್ಕ, ಮಾವ, ಟ್ಯೂಷನ್ ಸರ್ ಎಲ್ಲ ಬಂದು ಕೂರುತ್ತಾರೆ. ಅಂಕ ಇಲ್ಲ ಅಂತ ಮೊದಲೇ ಹೇಳಿದರೆ ಮಗು ತನಗೆ ತೋಚಿದ ತಪ್ಪನ್ನೇ ಬರೆಯುತ್ತದೆ. ನಮಗೆ ಬೇಕಾಗಿರುವುದು ಆ ತಪ್ಪು.

ಲೆಕ್ಕದ ಮಿಸ್, ನಾಗಮಂಗಲ

ಸರ್ ಹೇಳಿದ್ದಕ್ಕೆ ನನ್ನ ಕ್ಲಾಸಿನದೇ ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಏಳನೇ ಕ್ಲಾಸು, 38 ಮಕ್ಕಳು. ಪ್ರಶ್ನೆ 1/2 + 1/3. ನಾಲ್ಕು ಆಯ್ಕೆ ಕೊಟ್ಟಿದ್ದೆ: 5/6, 2/5, 1/6, 1/5. ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಿರಲಿಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡುವ ಮಗುವಿಗೆ 2/5 ಬರುತ್ತದೆ. ಕೂಡುವ ಬದಲು ಗುಣಿಸಿದರೆ 1/6. ಕೆಳಗಿನದನ್ನು ಮಾತ್ರ ಕೂಡಿದರೆ 1/5. ಯಾವ ಮಗು ಯಾವುದನ್ನು ಒತ್ತಿತು ಅನ್ನುವುದರಲ್ಲೇ ಅದರ ತಲೆಯಲ್ಲಿ ಏನು ನಡೆಯಿತು ಅಂತ ಗೊತ್ತಾಗುತ್ತದೆ.

21 ಮಕ್ಕಳು 2/5 ಒತ್ತಿದ್ದರು. ಹಿಂದಿನ ದಿನ "ಅರ್ಥ ಆಯ್ತಾ?" ಅಂದಾಗ ಇದೇ 21 ಜನ "ಆಯ್ತು ಮಿಸ್" ಅಂದಿದ್ದರು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ, ಎಷ್ಟು ಜನ ಯಾವುದನ್ನು ಒತ್ತಿದರು ಅಂತ ಫಾರ್ಮ್ ತೋರಿಸುವ ವೃತ್ತದ ಚಿತ್ರ ನೋಡಿ ಎದೆ ಧಸಕ್ ಅಂತು. ಅವತ್ತು ಹೊಸ ಪಾಠ ಬಿಟ್ಟೆ. "ಅರ್ಧ ಮುದ್ದೆ ತಟ್ಟೆಯಲ್ಲಿದೆ. ಅಮ್ಮ ಇನ್ನೂ ಸ್ವಲ್ಪ ಹಾಕಿದಳು. ಈಗ ತಟ್ಟೆಯಲ್ಲಿ ಅರ್ಧಕ್ಕಿಂತ ಕಡಿಮೆ ಮುದ್ದೆ ಇರೋಕೆ ಸಾಧ್ಯನಾ?" ಅಂತ ಕೇಳಿದೆ. ಎಲ್ಲರೂ ಇಲ್ಲ ಅಂದರು. 2/5 ಅಂದರೆ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂದೆ. ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ "ಅಯ್ಯೋ" ಅಂದ. ಆ "ಅಯ್ಯೋ" ಕೇಳಲು ನಾನು ಎಷ್ಟು ಫಾರ್ಮ್ ಬೇಕಾದರೂ ಮಾಡುತ್ತೇನೆ.

ರೆಸ್ಪಾನ್ಸಸ್‌ನ ಸಮ್ಮರಿಯಲ್ಲಿ ಸರಾಸರಿ ಅಂಕದ ಜೊತೆಗೆ ಹೆಚ್ಚು ಮಕ್ಕಳು ತಪ್ಪಿದ ಪ್ರಶ್ನೆಗಳ ಪಟ್ಟಿಯೂ ಬರುತ್ತದೆ. ನಾನು ಮೊದಲು ನೋಡುವುದು ಆ ಪಟ್ಟಿ. ಸರಾಸರಿಯಿಂದ ನನಗೆ ಏನೂ ಉಪಯೋಗ ಆಗಿಲ್ಲ.

ಹಳೇ ಹೆಡ್ ಮೇಷ್ಟ್ರು, ಕೆ.ಆರ್. ಪೇಟೆ

ಎಲ್ಲ ಓದಿದೆ. ನಾನು ನಿವೃತ್ತ. ಒಂದು ತಕರಾರು, ಒಂದು ಕಷ್ಟ.

ತಕರಾರು ಏನೆಂದರೆ, ಒತ್ತುವುದೇ ಆದರೆ ಮಕ್ಕಳು ಬರೆಯುವುದು ಯಾವಾಗ? ಕೊರೊನಾ ಸಮಯದಲ್ಲಿ, 2021ರ ಜುಲೈ 19 ಮತ್ತು 22ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಪೂರ್ತಿ ಬಹು ಆಯ್ಕೆಯಲ್ಲಿ, ಗುಂಡು ತುಂಬುವ ಓಎಂಆರ್ ಹಾಳೆಯಲ್ಲಿ ನಡೆಯಿತು. ಒಂದು ದಿನ ಗಣಿತ, ವಿಜ್ಞಾನ, ಸಮಾಜ ಮೂರೂ, ಇನ್ನೊಂದು ದಿನ ಭಾಷೆಗಳು. ಕೊಠಡಿಯಲ್ಲಿ ನಾನೇ ನಿಂತಿದ್ದೆ. ಆ ವರ್ಷಕ್ಕೆ ಅದು ಬೇಕಾಗಿತ್ತು, ಇಲ್ಲ ಅನ್ನಲ್ಲ. ಆದರೆ ಒಂದು ಪ್ಯಾರಾ ತಾನಾಗಿ ಬರೆಯುವ ಮಗುವೂ, ಕಣ್ಣು ಮುಚ್ಚಿ ಗುಂಡು ತುಂಬುವ ಮಗುವೂ ಅಲ್ಲಿ ಒಂದೇ ತರಹ ಕಾಣುತ್ತವೆ.

ಕಷ್ಟ ಏನೆಂದರೆ, ನನ್ನ ಹತ್ತಿರ ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆಗಳು ಕಂಪ್ಯೂಟರ್‌ನಲ್ಲಿವೆ. ಮೊಮ್ಮಗಳು ಒಂದನ್ನು ಫಾರ್ಮ್‌ಗೆ ಅಂಟಿಸಿದಳು. ಕನ್ನಡವೆಲ್ಲ ಹೋಗಿ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆ ಮೇಲೆ ಗೀಟು, ಏನೇನೋ ಬಂತು. ಫೈಲೇ ಕೆಟ್ಟಿದೆಯಾ?

ಮದ್ದೂರ್ ವಡೆ

ಗುರುಗಳೇ, ಫೈಲ್ ಕೆಟ್ಟಿಲ್ಲ. ಅದು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ರೂಪದಲ್ಲಿ ಟೈಪ್ ಮಾಡಿದ್ದು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ನುಡಿ ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾರ್ಮ್‌ನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚುತ್ತದೆ. ಈ ಹಳೇ ರೀತಿಗೆ ಆಸ್ಕಿ ಅಂತಾರೆ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಹೊಸ ರೀತಿ ಯುನಿಕೋಡ್. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಹಾಕಿ ತೆಗೆದು ಆಮೇಲೆ ಅಂಟಿಸಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಒಂದು ಸಲ ಕಣ್ಣಾಡಿಸಿ. ಆ ಇಪ್ಪತ್ತು ವರ್ಷದ ಪತ್ರಿಕೆಗಳು ನಮಗೂ ಬೇಕು ಗುರುಗಳೇ, ಮರೆಯಬೇಡಿ.

ಇಬ್ಬರು ಮಕ್ಕಳ ಅಪ್ಪ, ಮಳವಳ್ಳಿ

ಮೇಷ್ಟ್ರುಗಳ ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಮನೆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳಬೇಕು.

ಮನೆಗೆ ಒಂದೇ ಫೋನು, ನನ್ನದು. ಬೆಳಿಗ್ಗೆ ಆರಕ್ಕೆ ನನ್ನ ಜೊತೆ ಗದ್ದೆಗೆ ಬರುತ್ತದೆ. ಕಬ್ಬು ಕಡಿಯುವ ಟೈಮಲ್ಲಿ ಲಾರಿ ಹಿಂದೆ ಹೋದರೆ ನಾನು ಮನೆ ಸೇರುವುದು ರಾತ್ರಿ ಹತ್ತಕ್ಕೆ. "ಎಂಟು ಗಂಟೆ ಒಳಗೆ ಫಾರ್ಮ್ ತುಂಬಿ" ಅಂತ ಬಂದರೆ ಮಕ್ಕಳು ಏನು ಮಾಡಬೇಕು?

ಮೊನ್ನೆ ಮಕ್ಕಳ ಶಾಲೆಯಿಂದ ಕುಡಿಯುವ ನೀರು, ಶೌಚಾಲಯ, ಬಿಸಿಯೂಟದ ಬಗ್ಗೆ ಸರ್ವೆ ಬಂತು. ದೊಡ್ಡವಳು ತುಂಬಿದಳು. ಚಿಕ್ಕವನು ತುಂಬಲು ಹೋದರೆ ನೀವು ಆಗಲೇ ಉತ್ತರ ಕೊಟ್ಟಿದ್ದೀರಿ ಅಂತು. ಅವನು ಅತ್ತುಬಿಟ್ಟ. ಟೀಚರ್ ಬೈತಾರೆ ಅಂತ ಅವನಿಗೆ ಭಯ.

ಇನ್ನೊಂದು ವಿಷಯ. ಯಾವುದೋ ಕೋಚಿಂಗ್‌ನವರು "ಉಚಿತ ಪ್ರತಿಭಾ ಪರೀಕ್ಷೆ" ಅಂತ ಫಾರ್ಮ್ ಕಳಿಸಿದ್ದರು. ಮಗುವಿನ ಆಧಾರ್ ನಂಬರ್, ಜಾತಿ, ಮನೆ ಆದಾಯ, ತಾಯಿ ಫೋನ್ ನಂಬರ್ ಎಲ್ಲಾ ಕೇಳಿದ್ದರು. ಪ್ರಶ್ನೆ ಮಾತ್ರ ಐದೇ ಇತ್ತು! ಇದಕ್ಕೆಲ್ಲ ಕಾನೂನು ಇಲ್ವಾ?

ಒಂಟಿಕೊಪ್ಪಲ್ ಲೆಕ್ಚರರ್, ಮೈಸೂರು

ಬೇಜಾರು ಯಾಕೆ ಸರ್, ನೀವು ಬಂದಿದ್ದೇ ಒಳ್ಳೆಯದಾಯಿತು.

ಚಿಕ್ಕವನ ಸಮಸ್ಯೆ ಅವನದಲ್ಲ, ಫಾರ್ಮ್ ಮಾಡಿದವರದ್ದು. ಒಬ್ಬರಿಗೆ ಒಂದೇ ಉತ್ತರ ಅಂತ ಸೆಟ್ಟಿಂಗ್ ಹಾಕಿದರೆ ಗೂಗಲ್ ಲಾಗಿನ್ ಕೇಳುತ್ತದೆ, ಆಮೇಲೆ ಅಕೌಂಟ್ ಲೆಕ್ಕ ಹಿಡಿಯುತ್ತದೆ. ಫೋನಿನಲ್ಲಿ ಇರುವುದು ನಿಮ್ಮ ಅಕೌಂಟ್ ಒಂದೇ, ಹಾಗಾಗಿ ಅದಕ್ಕೆ ನಿಮ್ಮ ಮನೆಯಲ್ಲಿ ಒಂದೇ ಮಗು. ನಮ್ಮಲ್ಲಿ 13 ವರ್ಷದ ಒಳಗಿನ ಮಗು ತಾನೇ ಗೂಗಲ್ ಅಕೌಂಟ್ ಇಟ್ಟುಕೊಳ್ಳುವ ಹಾಗೂ ಇಲ್ಲ. ಆದ್ದರಿಂದ ಶಾಲೆಯ ಫಾರ್ಮ್‌ಗಳಲ್ಲಿ ಆ ಸೆಟ್ಟಿಂಗ್ ಆಫ್ ಇರಲಿ. ಫೈಲ್ ಅಪ್‌ಲೋಡ್ ಪ್ರಶ್ನೆಯೂ ಬೇಡ, ಅದೂ ಲಾಗಿನ್ ಕೇಳುತ್ತದೆ.

ಕಾನೂನು ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ತೆಗೆದುಕೊಳ್ಳುವ ಮೊದಲು ತಂದೆ ತಾಯಿಯ ಒಪ್ಪಿಗೆ ಬೇಕು ಅಂತ ಅದರಲ್ಲಿದೆ. ಆ ಕೋಚಿಂಗ್ ಫಾರ್ಮ್ ತುಂಬಬೇಡಿ. ಐದು ಪ್ರಶ್ನೆಗೆ ಆಧಾರ್ ಯಾಕೆ ಬೇಕು?

ಈಗ ನನ್ನದೇ ತಪ್ಪು ಹೇಳುತ್ತೇನೆ. ಇದನ್ನು ಬರೆಯಲು ಇವತ್ತಿಗೂ ಮುಜುಗರ. ಕಾಲೇಜಿನಲ್ಲಿ ಒಂದು ಸರ್ವೆ ಮಾಡಿದ್ದೆ. "ಕ್ಲಾಸಿಗೆ ಬರಲು ಏನು ತೊಂದರೆ? ಬಿಡಿಸಿ ಬರೆಯಿರಿ" ಅಂತ ಒಂದು ಪ್ರಶ್ನೆ. ಹೆಸರು ಬೇಡ ಅಂದಿದ್ದೆ. ಧೈರ್ಯ ಮಾಡಿ ಮಕ್ಕಳು ಬರೆದರು. ಆದರೆ ಸೆಟ್ಟಿಂಗ್ಸ್‌ನಲ್ಲಿ ಫಲಿತಾಂಶದ ಸಾರಾಂಶ ತೋರಿಸು ಅನ್ನೋದು ಆನ್ ಆಗಿತ್ತು, ನಾನು ಗಮನಿಸಿರಲಿಲ್ಲ. ಅದು ಆನ್ ಇದ್ದರೆ, ಫಾರ್ಮ್ ತುಂಬಿದ ಪ್ರತಿಯೊಬ್ಬರಿಗೂ ಮಿಕ್ಕವರ ಉತ್ತರಗಳನ್ನು ನೋಡಲು ಒಂದು ಲಿಂಕ್ ಸಿಗುತ್ತದೆ. ಒಬ್ಬಳು ಬರೆದಿದ್ದಳು: ಬೆಳಿಗ್ಗೆ ಎರಡು ಮನೆ ಕೆಲಸ ಮುಗಿಸಿ ಬರುತ್ತೇನೆ, ಅದಕ್ಕೆ ಮೊದಲ ಪೀರಿಯಡ್ ತಪ್ಪುತ್ತದೆ ಅಂತ. ಹೆಸರಿಲ್ಲದಿದ್ದರೂ ಮೊದಲ ಪೀರಿಯಡ್‌ಗೆ ಯಾರು ಬರಲ್ಲ ಅಂತ ಕ್ಲಾಸಿಗೆ ಗೊತ್ತಿಲ್ವಾ? ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಅವಳು ಮೂರು ದಿನ ಬರಲಿಲ್ಲ. ನಾನೇ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳ ಅಮ್ಮ ಟೀ ಕೊಟ್ಟರು, ಒಂದು ಮಾತೂ ಆಡಲಿಲ್ಲ.

ಈಗ ಯಾವ ಫಾರ್ಮ್ ಮಾಡಿದರೂ ಮೊದಲು ನನ್ನ ಹೆಂಡತಿಯ ಫೋನಿಗೆ ಕಳಿಸಿ, ತುಂಬಿಸಿ, ಕೊನೆಗೆ ಏನು ಕಾಣುತ್ತದೆ ಅಂತ ನೋಡಿಯೇ ಮಕ್ಕಳಿಗೆ ಕೊಡುವುದು.

ಬಿ.ಎಡ್ ಹುಡುಗಿ, ಮೈಸೂರು

ಸರ್, ಓದಿ ಗಂಟಲು ಕಟ್ಟಿತು.

ನನ್ನದು ಚಿಕ್ಕ ಪ್ರಶ್ನೆ. ಇಂಟರ್ನ್‌ಶಿಪ್‌ಗೆ ಹೋದ ಶಾಲೆಯಲ್ಲಿ ಸರ್ವೆ ಮಾಡಿದೆ. "ನನ್ನ ಪಾಠ ಅರ್ಥವಾಗುವಂತೆಯೂ ಆಸಕ್ತಿ ಹುಟ್ಟಿಸುವಂತೆಯೂ ಇದೆ", ಒಂದರಿಂದ ಐದು. ಎಲ್ಲ ಮಕ್ಕಳೂ ಐದು ಕೊಟ್ಟಿದ್ದಾರೆ. ಖುಷಿಯಾಗಿ ತೋರಿಸಿದರೆ ಗೈಡ್ ಮೇಡಂ ನಕ್ಕುಬಿಟ್ಟರು. ಎಲ್ಲಿ ತಪ್ಪಾಯಿತು?

ಲೆಕ್ಕದ ಮಿಸ್, ನಾಗಮಂಗಲ

ಪುಟ್ಟಿ, ಮೂರು ಕಡೆ. ಒಂದೇ ಪ್ರಶ್ನೆಯಲ್ಲಿ ಎರಡು ಕೇಳಿದ್ದೀಯ. ಅರ್ಥ ಆಯಿತು, ಆದರೆ ಬೋರು ಅನ್ನುವ ಮಗು ಎಷ್ಟು ಕೊಡಬೇಕು? ಎರಡನೆಯದು, ವಾಕ್ಯವೇ ನಿನ್ನನ್ನು ಹೊಗಳುತ್ತಿದೆ. ಮೂರನೆಯದು, ಹೆಸರು ಕೇಳಿದ್ದೆ ಅಂತ ಕಾಣುತ್ತೆ, ಅಲ್ವಾ? ಮಿಸ್ ಓದುತ್ತಾರೆ ಅಂತ ಗೊತ್ತಿದ್ದರೆ ಯಾವ ಮಗು ಎರಡು ಒತ್ತುತ್ತದೆ?

"ಈ ಪಾಠಗಳಲ್ಲಿ ಯಾವುದನ್ನು ಇನ್ನೊಮ್ಮೆ ಹೇಳಬೇಕು?" ಅಂತ ಕೇಳಿ ಪಾಠಗಳ ಹೆಸರನ್ನು ಚೆಕ್‌ಬಾಕ್ಸ್‌ನಲ್ಲಿ ಕೊಡು. ಹೆಸರು ಬೇಡ. ಆಗ ನೋಡು ಏನು ಬರುತ್ತದೆ ಅಂತ. ಸ್ವಲ್ಪ ನೋವಾಗುತ್ತೆ, ತಡ್ಕೋ.

ಮಳವಳ್ಳಿ ಅಣ್ಣನವರ ಒಂದೇ ಫೋನಿನ ಕಷ್ಟಕ್ಕೆ ನಾನು ಮಾಡುವುದು ಇದು. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಫೋನು ಬೇಕಾಗಿರುವುದು ಟೀಚರ್‌ಗೆ ಮಾತ್ರ. ಮಕ್ಕಳ ಕೈಯಲ್ಲಿ ಕಾಗದದ ಕಾರ್ಡು. ಪ್ರತಿ ಕಾರ್ಡಿನ ಮೇಲೂ ಬೇರೆ ಬೇರೆ ಕಪ್ಪು ಆಕಾರ, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಉತ್ತರ ಬಿ ಅಂದರೆ ಬಿ ಬದಿ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿಯಬೇಕು. ನಾನು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಂದು ಸಲ ಆಡಿಸಿದರೆ ಯಾರು ಏನು ಹೇಳಿದರು ಅಂತ ಬಂದುಬಿಡುತ್ತದೆ. ಪಕ್ಕದವನ ಕಾರ್ಡ್ ನೋಡಿ ಹಾಗೇ ಹಿಡಿದರೆ ಪ್ರಯೋಜನ ಇಲ್ಲ, ಅವನ ಆಕಾರವೇ ಬೇರೆ. 63 ಮಕ್ಕಳವರೆಗೆ ಕಾರ್ಡ್ ಸಿಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ತೆಗೆಸಿಕೊಳ್ಳಿ. ಹೊಳೆಯುವ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಬೆಳಕು ಬಿದ್ದು ಕ್ಯಾಮೆರಾಗೆ ಕಾಣುವುದಿಲ್ಲ. ಮಾಡಿಸಿ ದುಡ್ಡು ಕಳಕೊಂಡವಳು ಹೇಳ್ತಿದ್ದೀನಿ.

ಸುಮ್ನೆ ಓದೋಳು

ಫಾರ್ಮ್ ಉತ್ತರಗಳ ಶೀಟನ್ನು ಸಿಎಸ್‌ವಿ (ಬರೀ ಅಕ್ಷರಗಳ ಸಾದಾ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆಗೆದರೆ ಕನ್ನಡ ಹೋಗಿ ಗೊಜ್ಜಾಗುತ್ತಲ್ಲ?

ಮದ್ದೂರ್ ವಡೆ

ಸಿಎಸ್‌ವಿ ಬೇಡ. ಗೂಗಲ್ ಶೀಟ್‌ನಿಂದ ನೇರ ಎಕ್ಸೆಲ್ ಫೈಲಾಗಿಯೇ ಇಳಿಸಿಕೊಳ್ಳಿ, ಕನ್ನಡ ಉಳಿಯುತ್ತದೆ.

ನಾಲೆ ಪಕ್ಕದ ಮೇಷ್ಟ್ರು, ಪಾಂಡವಪುರ

ಎರಡು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಹತ್ತು ಪ್ರಶ್ನೆ ಐದಾಯಿತು. ಶುಕ್ರವಾರ ರಾತ್ರಿ ಹಾಕಿ ಭಾನುವಾರ ರಾತ್ರಿವರೆಗೆ ಬಿಟ್ಟೆ. ಲಾಗಿನ್ ಇಲ್ಲ, ಅಂಕ ಇಲ್ಲ. ಫೋನ್ ಸಿಗದವರಿಗೆ ಅದೇ ಐದು ಪ್ರಶ್ನೆ ಹಾಳೆಯಲ್ಲಿ. ಈ ಸಲ 41 ಬಂತು, ಹಾಳೆಯದ್ದು ಸೇರಿಸಿದರೆ 46. ಪೂರ್ತಿ ಕ್ಲಾಸು!

ಹೆಡ್ ಮೇಷ್ಟ್ರ ತಕರಾರು ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾಗಿ ಐದನೆಯದು ಪ್ಯಾರಾ ಪ್ರಶ್ನೆ: "ವಿ.ಸಿ. ನಾಲೆ ಬರದೇ ಇದ್ದಿದ್ದರೆ ನಿಮ್ಮೂರು ಹೇಗಿರುತ್ತಿತ್ತು?" ವಿ.ಸಿ. ನಾಲೆ ಅಂದರೆ ಕೆಆರ್‌ಎಸ್‌ನಿಂದ ಬರುವ ವಿಶ್ವೇಶ್ವರಯ್ಯ ನಾಲೆ. ತಿದ್ದುವ ಕೆಲಸ ಮತ್ತೆ ನನ್ನ ತಲೆಗೇ ಬಂತು, ಹೋಗಲಿ ಬಿಡಿ. ನೀರುಗಂಟಿಯವರ ಮಗಳು ಒಂದೂವರೆ ಪುಟ ಬರೆದಿದ್ದಾಳೆ. ನಾಲೆಯ ಕೊನೇ ಭಾಗದ ಗದ್ದೆಗಳಿಗೆ ಈಗಲೂ ನೀರು ಸರಿಯಾಗಿ ಹೋಗಲ್ಲ, ಆದ್ದರಿಂದ ಬರದೇ ಇದ್ದಿದ್ದರೆ ಅಂತ ಅವರನ್ನು ಕೇಳಿದರೆ ಗೊತ್ತಾಗುತ್ತೆ ಅಂತ ಶುರು ಮಾಡಿದ್ದಾಳೆ. ಇದನ್ನು ಯಾವ ಆನ್ಸರ್ ಕೀಯಲ್ಲಿ ಹಾಕಲಿ ಹೇಳಿ?

ಕೆಲವರು ಟೈಪ್ ಮಾಡಲು ಬೇಜಾರಾಗಿ ಮೈಕ್ ಒತ್ತಿ ಮಾತಾಡಿದ್ದಾರೆ. ಫೋನು ಕೇಳಿಸಿಕೊಂಡಿದ್ದನ್ನೆಲ್ಲ ಬರೆದಿದೆ. ಒಬ್ಬನ ಉತ್ತರ ಇದ್ದದ್ದು ಇದ್ದ ಹಾಗೇ ಹಾಕುತ್ತೇನೆ:

"ನಾಲೆ ಬರದೇ ಇದ್ದಿದ್ದರೆ ನಮ್ಮೂರಲ್ಲಿ ರಾಗಿ ಹುರುಳಿ ಬೆಳೆಯುತ್ತಿದ್ದರು ಕಬ್ಬು ಭತ್ತ ಇರುತ್ತಿರಲಿಲ್ಲ ಏ ಎಮ್ಮೆ ಬಿಚ್ಕೊಂಡೈತೆ ನೋಡ್ಲಾ ಬಂದೆ ಕಣಮ್ಮೋ"

ಅಲ್ಲಿಗೆ ಸಬ್ಮಿಟ್.

ಹಳೇ ಹೆಡ್ ಮೇಷ್ಟ್ರು, ಕೆ.ಆರ್. ಪೇಟೆ

ಆ ಹುಡುಗಿಯ ಒಂದೂವರೆ ಪುಟ ಓದಬೇಕು ಅನ್ನಿಸಿದೆ. ಅವಳನ್ನೂ ಅವರಪ್ಪನನ್ನೂ ಕೇಳಿ, ಒಪ್ಪಿದರೆ ಮಾತ್ರ ಕಳಿಸಿ. ನುಡಿ ಫೈಲು ಕನ್ವರ್ಟ್ ಆಯಿತು. ಮೊಮ್ಮಗಳು 2004ರವರೆಗೆ ಮುಗಿಸಿದ್ದಾಳೆ.

ಮದ್ದೂರ್ ವಡೆ

ಅದಿರಲಿ ಮೇಷ್ಟ್ರೇ, ಎಮ್ಮೆ ಸಿಕ್ತಾ?

ನಾಲೆ ಪಕ್ಕದ ಮೇಷ್ಟ್ರು, ಪಾಂಡವಪುರ

ಕೇಳಿದೆ ಸರ್. ಸಿಕ್ಕಿದೆ. ಪಕ್ಕದವರ ಕಬ್ಬಿನ ಗದ್ದೆಯಲ್ಲಿತ್ತಂತೆ.